ದೊಡ್ಡಮನೆ ಬಳಗದಲ್ಲಿ ಒಂದು ಲಕ್ಷದ ಜಗಳ

ಚಿಕ್ಕಪ್ಪ: *ಹಲವು ಬಾರಿ ರವಾನೆಯಾದ ಸಂದೇಶ* ಹೊಸ ಕಾನೂನು ಬಂದಿದೆ! ರಸ್ತೆ ಕಾಮಗಾರಿಯ ಜಾಗದಲ್ಲಿ ಬಿದ್ದವರಿಗೆ ಗುತ್ತಿಗೆದಾರ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಲೇಬೇಕು. ಎಲ್ಲರಿಗೂ ತಲುಪಿಸಿ 🙏

ಬೆಂಗಳೂರು ಅಣ್ಣ: ಯಾವ ಕಾಯ್ದೆ, ಯಾವ ಕಲಂ? ಆಧಾರ ಕೊಡಿ ಚಿಕ್ಕಪ್ಪ.

ಚಿಕ್ಕಪ್ಪ: ನನ್ನ ಮೊಣಕಾಲೇ ಆಧಾರ. ಬೇಲೂರು ರಸ್ತೆಯಲ್ಲಿ ನಾನು ಬೈಕಿನಿಂದ ಬಿದ್ದ ಅದೇ ಮೋರಿಯನ್ನು ಮೊನ್ನೆ ಮತ್ತೆ ಅಗೆದು ಹಾಗೆಯೇ ಬಿಟ್ಟಿದ್ದಾರೆ.

ದೊಡ್ಡಪ್ಪ: ನಿಧಾನವಾಗಿ ಹೋಗುವವನು ಬೀಳುವುದಿಲ್ಲ. ಮನುಷ್ಯನಿಗೆ ತಾಳ್ಮೆ ಬೇಕು. ಅಂದೂ ಇದನ್ನೇ ಹೇಳಿದ್ದೆ.

ಚಿಕ್ಕಪ್ಪ: ಹೇಳಿದ್ದು ನೆನಪಿದೆ. ಆಸ್ಪತ್ರೆಯಲ್ಲಿ, ಬೀಗರ ಎದುರಿಗೇ ಹೇಳಿದಿರಿ.

ಅತ್ತೆ: ಹಬ್ಬದ ವಾರದಲ್ಲಿ ಇದೆಲ್ಲ ಬೇಕೆ?

ಮಾವನ ಮಗಳು: ಬೇಲೂರು ರಸ್ತೆ ಎಂದ ಕೂಡಲೇ ಧರ್ಮಸ್ಥಳದ ಪ್ರಯಾಣ ನೆನಪಾಯಿತು. ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿಂದು ಬಸ್ ಹತ್ತಿದರೆ, ಚಾರ್ಮಾಡಿ ಘಾಟಿಯ ಮೊದಲ ತಿರುವಿನಲ್ಲೇ ಅಜ್ಜಿ ಸೆರಗಿನಿಂದ ನಿಂಬೆಹಣ್ಣು ತೆಗೆಯುತ್ತಿದ್ದರು.

ನಾನು: ಸಂದೇಶ ಅರ್ಧ ತಪ್ಪು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಂ ಸೇರಿಸಿದರು. ಸುರಕ್ಷತಾ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆಗಾರ ಪ್ರಾಧಿಕಾರಕ್ಕೆ ಅಥವಾ ಗುತ್ತಿಗೆದಾರನಿಗೆ ಒಂದು ಲಕ್ಷದವರೆಗೆ ದಂಡ. ಆ ಹಣ ಅಪಘಾತ ನಿಧಿಗೆ ಸೇರುತ್ತದೆ, ಬಿದ್ದವರ ಕೈಗೆ ನೇರವಾಗಿ ಬರುವುದಿಲ್ಲ.

ಬೆಂಗಳೂರು ಅಣ್ಣ: ಅಂದರೆ ಸುಳ್ಳು ಸುದ್ದಿ. ಓದದೆ ಕಳುಹಿಸುವುದು ಚಿಕ್ಕಪ್ಪನ ಅಭ್ಯಾಸ.

ಚಿಕ್ಕಪ್ಪ: ತೋಟದ ಪಾಲು ಕೇಳುವಾಗ ನಿನಗೆ ಯಾವ ಆಧಾರವೂ ಬೇಕಿರಲಿಲ್ಲ.

ದೊಡ್ಡಪ್ಪ: ತೋಟದ ಮಾತು ಇಲ್ಲಿ ಎತ್ತಬೇಡಿ.

ನಾನು: ರಸ್ತೆ ಕೆಲಸವೇ ನನ್ನ ಅನ್ನ, ದಯವಿಟ್ಟು ಇದನ್ನು ಪೂರ್ತಿ ಓದಿ. ದೊಡ್ಡಪ್ಪ, ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಗುಂಡಿಯ ಬಾಯಲ್ಲೇ ನೆಟ್ಟ ಫಲಕವನ್ನು ಓದುವಷ್ಟರಲ್ಲಿ ಸವಾರ ಗುಂಡಿಯೊಳಗಿರುತ್ತಾನೆ. ಅದಕ್ಕಾಗಿಯೇ ರಸ್ತೆಯ ಮಾನದಂಡ ರೂಪಿಸುವ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಎಸ್‌ಪಿ 55 ಮಾರ್ಗಸೂಚಿಯಲ್ಲಿ ಕಾಮಗಾರಿಯ ವಲಯ ದೂರದ ಎಚ್ಚರಿಕೆ ಫಲಕದಿಂದಲೇ ಆರಂಭವಾಗುತ್ತದೆ. ಆಮೇಲೆ ಕೋನ್‌ಗಳ ಓರೆ ಸಾಲು ವಾಹನವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಬೇಕು. ಕೆಲಸಗಾರರ ಮುಂದೆ ಸ್ವಲ್ಪ ಜಾಗ ಖಾಲಿ ಇರಬೇಕು, ಹತೋಟಿ ತಪ್ಪಿದ ಲಾರಿ ಅವರನ್ನು ತಲುಪುವ ಮೊದಲು ನಿಲ್ಲಲು. ಆ ಜಾಗದಲ್ಲೇ ಟಿಪ್ಪರ್ ನಿಲ್ಲಿಸಿ ಜಲ್ಲಿ ಸುರಿಯುವುದನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ. ಬಾವುಟ ಹಿಡಿದು ನಿಂತವನೂ ಯಾರದೋ ಮನೆಯ ಮಗ.

ಬೆಂಗಳೂರು ಅಣ್ಣ: ಎಸ್‌ಪಿ 55 ಯಾವ ವರ್ಷದ್ದು?

ನಾನು: ಪರಿಷ್ಕರಿಸಿದ್ದು 2014ರಲ್ಲಿ. ಆದರೆ ಬೆಳಿಗ್ಗೆ ಪುಸ್ತಕದಂತೆ ಜೋಡಿಸಿ ಮನೆಗೆ ಹೋದರೆ ಸಾಲದು. ಸಂಜೆಯ ಹೊತ್ತಿಗೆ ಯಾವುದೋ ಲಾರಿ ಕೋನ್ ಉರುಳಿಸಿರುತ್ತದೆ, ನಮ್ಮ ಮಳೆಗೆ ಕೆಸರು ಹಾರಿ ಹೊಳೆಯುವ ಪಟ್ಟಿ ಮುಚ್ಚಿಹೋಗಿರುತ್ತದೆ. ಕತ್ತಲಾದ ಮೇಲೆ ಅದೇ ದಾರಿಯಲ್ಲಿ ವಾಹನ ಓಡಿಸಿ ನೋಡಿದರೆ ಮಾತ್ರ ಸವಾರನಿಗೆ ಏನು ಕಾಣುತ್ತದೆ ಎಂದು ಗೊತ್ತಾಗುತ್ತದೆ. ಕೆಲಸ ಮುಗಿದ ದಿನವೇ ಫಲಕ ತೆಗೆಯಬೇಕು. ತಿಂಗಳುಗಟ್ಟಲೆ ಸುಮ್ಮನೆ ನಿಂತ ಫಲಕವನ್ನು ನೋಡಿ ನೋಡಿ ಜನ ಮುಂದಿನದನ್ನೂ ನಂಬುವುದಿಲ್ಲ. ಸೊಪ್ಪಿನ ಕೊಂಬೆ ನೆಟ್ಟು ನಾಲ್ಕು ಕಲ್ಲಿಟ್ಟು ಹೋಗುವವರು ಆಮೇಲೆ ಆ ಕಲ್ಲನ್ನೂ ತೆಗೆಯುವುದಿಲ್ಲ.

ಚಿಕ್ಕಪ್ಪ: ಅಂದು ಅಲ್ಲಿ ಸೊಪ್ಪಿನ ಕೊಂಬೆಯೂ ಇರಲಿಲ್ಲ. ನಾನು ಮೂವತ್ತರ ವೇಗದಲ್ಲಿದ್ದೆ.

ದೊಡ್ಡಪ್ಪ: ಇದನ್ನು ನೀನು ಹೇಳಿರಲಿಲ್ಲ.

ಚಿಕ್ಕಪ್ಪ: ನೀವು ಕೇಳಿರಲಿಲ್ಲ.

ಅತ್ತೆ: ಭಾನುವಾರ ಊಟಕ್ಕೆ ಎಷ್ಟು ಜನ, ಅದನ್ನಾದರೂ ಹೇಳಿ.

ಮಾವನ ಮಗಳು: ನಾವು ನಾಲ್ವರು. ನಾಳೆ ರಾತ್ರಿ ಬೇಲೂರಿನ ಕಡೆಯಿಂದಲೇ ಕಾರಿನಲ್ಲಿ ಬರುತ್ತೇವೆ. ಆ ಮೋರಿ ಎಲ್ಲಿದೆ?

ಚಿಕ್ಕಪ್ಪ: ಊರು ಇನ್ನೂ ಎರಡು ಕಿ.ಮೀ. ಇರುವಾಗ ಒಂಟಿ ಮಾವಿನ ಮರ ಸಿಗುತ್ತದೆ. ಅಲ್ಲಿಂದಲೇ ವೇಗ ಇಳಿಸು. ಅದರ ಮುಂದಿನ ಎಡ ತಿರುವಿನಲ್ಲಿದೆ.