ಕವರ್ ನೋಡಿ ರೆಕಾರ್ಡ್ ಕೊಳ್ಳುವವರು ಅನುಭವ ಹೇಳಿ

ಪ್ರಶ್ನೆ: ಕವರಿನ ಚಿತ್ರವನ್ನೋ ಕಲಾವಿದರ ಮುಖವನ್ನೋ ನೋಡಿ, ಒಳಗಿನದನ್ನು ಕೇಳದೆ ಹತ್ತು ಹಳೆಯ ಎಲ್‌ಪಿ ಕೊಂಡೆ. ಮನಸ್ಸಿಗೆ ಹಿಡಿಸಿದ್ದು ಎರಡೇ, ಎರಡೂ ಜಾಜ್. ಈ ಅಭ್ಯಾಸ ಬಿಡಬೇಕೋ, ಇಲ್ಲ ಕವರ್ ನೋಡುವುದರಲ್ಲೇ ಏನಾದರೂ ಕ್ರಮ ಇದೆಯೋ?

ಸೂಜಿಮೊನೆ: ಬಿಡಬೇಡಿ. ಮುಖ ನೋಡುವುದನ್ನು ಬಿಟ್ಟು ಅಕ್ಷರದ ವಿನ್ಯಾಸ ನೋಡಲು ಕಲಿಯಿರಿ. ಮುಖ ಒಬ್ಬ ಕಲಾವಿದರದ್ದು, ವಿನ್ಯಾಸ ಇಡೀ ರೆಕಾರ್ಡ್ ಕಂಪನಿಯದ್ದು. ಬ್ಲೂ ನೋಟ್ ಎಂಬ ಜಾಜ್ ಕಂಪನಿಯ ಕವರುಗಳನ್ನು 1956ರಿಂದ 1967ರವರೆಗೆ ಹೆಚ್ಚಾಗಿ ಮಾಡಿದವರು ರೀಡ್ ಮೈಲ್ಸ್. ಫೋಟೋ ಫ್ರಾನ್ಸಿಸ್ ವೂಲ್ಫ್ ಅವರದ್ದು. ಒಂದೋ ಎರಡೋ ಬಣ್ಣ, ದಪ್ಪ ಅಕ್ಷರ, ಪಕ್ಕಕ್ಕೆ ಕತ್ತರಿಸಿದ ಫೋಟೋ. ಆ ಕೈ ಕಂಡರೆ ಒಳಗೆ ಯಾವ ಜಾತಿಯ ಜಾಜ್ ಇದೆ ಎಂದು ಮುಕ್ಕಾಲು ಪಾಲು ಊಹಿಸಬಹುದು. 1969ರಲ್ಲಿ ಶುರುವಾದ ಇಸಿಎಂ ಕಂಪನಿ ಕೂಡ ಹಾಗೆಯೇ: ಖಾಲಿ ಜಾಗ, ಮಂಕು ಆಕಾಶ, ಸಣ್ಣ ಅಕ್ಷರ. ನಾನು ಕೊಳ್ಳುವುದು ಈ ದಾರಿಯಲ್ಲೇ, ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಹಿಂಬದಿ: ಸ್ವಾಮಿ, ಆ ರೀಡ್ ಮೈಲ್ಸ್ ಜಾಜ್ ಪ್ರಿಯರೇ ಆಗಿರಲಿಲ್ಲ, ಅವರ ಒಲವು ಪಾಶ್ಚಾತ್ಯ ಶಾಸ್ತ್ರೀಯದ ಕಡೆಗಿತ್ತು. ಹಾಗಿರುವಾಗ ಅವರ ಅಕ್ಷರ ನೋಡಿ ಸಂಗೀತ ಊಹಿಸುವುದೇ? ಕವರನ್ನು ತಿರುಗಿಸಿ. ಮೊದಲು ಹಾಡುಗಳ ಅವಧಿ ಕೂಡಿಸಿ. ಬದಿಗೆ 18ರಿಂದ 22 ನಿಮಿಷ ಸರಿ. 25 ದಾಟಿತೆಂದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಅದಕ್ಕೆ ದನಿಯ ಮಟ್ಟ ಇಳಿಸಬೇಕು, ಬೇಸ್ ಕಡಿಮೆ ಮಾಡಬೇಕು, ಆಗ ಚಿಟಪಟ ಸದ್ದು ಮೇಲೆದ್ದು ಕೇಳುತ್ತದೆ. ಕೊನೆಯ ಹಾಡು ಅಬ್ಬರದ್ದಾದರೆ ಇನ್ನೂ ಕಷ್ಟ: ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೆರೆ ಸೂಜಿಯ ಕೆಳಗೆ ಹಾದುಹೋದರೆ, ನಡುವಿನ ಲೇಬಲ್ ಚೀಟಿಯ ಹತ್ತಿರ ಬರೀ 21. ಅಲ್ಲಿ ದನಿ ಒಡೆಯುತ್ತದೆ.

ಆಮೇಲೆ ವಾದಕರ ಹೆಸರು. ಯಾರ ಹೆಸರೂ ಇಲ್ಲದೆ, ಮುಂದೆ ರೂಪದರ್ಶಿಯ ಫೋಟೋ, ಹಿಂದೆ ಆ ವರ್ಷದ ಜನಪ್ರಿಯ ಹಾಡುಗಳ ಪಟ್ಟಿ ಇದ್ದರೆ ಕೆಳಗಿಡಿ. ಕೂಲಿ ಗಾಯಕರಿಂದ ಹಾಡಿಸಿದ ನಕಲು ಅದು. ಮೇಲೆ ಥಳಕು, ಒಳಗೆ ಹುಳುಕು. ಮೋನೋ ಧ್ವನಿಯನ್ನು ವಿದ್ಯುನ್ಮಾನವಾಗಿ ಸ್ಟೀರಿಯೋ ಮಾಡಿದ್ದೇವೆ ಎಂಬ ಸಾಲು ಕಂಡರೂ ಅಷ್ಟೇ.

ಅರಗು: ಇಬ್ಬರೂ ರಟ್ಟಿನ ಬಗ್ಗೆಯೇ ಮಾತಾಡುತ್ತಿದ್ದೀರಿ, ಪ್ಲೇಟು ಹೊರಗೆ ತೆಗೆಯುವವರೇ ಇಲ್ಲ. ಕವರಿನ ಬೆನ್ನಿನ ಮೇಲಿನ ಸಂಖ್ಯೆಯೂ ಲೇಬಲ್ ಮೇಲಿನ ಸಂಖ್ಯೆಯೂ ಒಂದೇನಾ ನೋಡಿ. ಚಂದದ ಕವರಿನೊಳಗೆ ಬೇರೆಯದೇ ಪ್ಲೇಟು ಇರುವುದು ಅಪರೂಪವಲ್ಲ. ಒಂದೇ ದೀಪದ ಕೆಳಗೆ ಪ್ಲೇಟನ್ನು ಓರೆಯಾಗಿ ಹಿಡಿದು ನಿಧಾನ ತಿರುಗಿಸಿ. ಉಗುರಿಗೆ ಸಿಗುವ ಗೀರು ಸೂಜಿಗೂ ಸಿಗುತ್ತದೆ. ಸೂಜಿ ಸವೆಸಿದ ಗೆರೆ ಬೂದಿಬಣ್ಣಕ್ಕೆ ತಿರುಗಿರುತ್ತದೆ, ತೊಳೆದರೂ ಹೋಗುವುದಿಲ್ಲ. ಮಧ್ಯದ ತೂತಿನ ಸುತ್ತ ಲೇಬಲ್ ಮೇಲೆ ಜೇಡರ ಬಲೆಯಂಥ ಸಣ್ಣ ಗೆರೆಗಳಿದ್ದರೆ ಲೆಕ್ಕವಿಲ್ಲದಷ್ಟು ಸಲ ಓಡಿಸಿದ್ದಾರೆ ಎಂದರ್ಥ. ಕವರ್ ಮೇಲೆ ಉಂಗುರದ ಗುರುತು ಮೂಡಿದ್ದರೆ ರೆಕಾರ್ಡುಗಳನ್ನು ಬಿಗಿಯಾಗಿ ತುರುಕಿದ್ದರು, ಇಲ್ಲವೇ ಮಲಗಿಸಿ ಪೇರಿಸಿದ್ದರು. ಬಾಗಿದೆಯೇ ಎಂದು ಅಂಚಿನಿಂದ ನೋಡಿ. ಮೆತ್ತನೆ ಪಿವಿಸಿ ಚೀಲದಲ್ಲಿಟ್ಟ ಪ್ಲೇಟಿನ ಮೇಲೆ ಮಂಜು ಕೂತಂತೆ ಒಂದು ಪೊರೆ ಬಂದಿರುತ್ತದೆ. ಅದು ಹೋಗಿದ್ದನ್ನು ನಾನು ಕಂಡಿಲ್ಲ.

ಸೂಜಿಮೊನೆ: ಕೇಳಿದ್ದು ಕವರ್ ವಿಷಯ, ನೀವು ಹೇಳುತ್ತಿರುವುದು ಗೀರಿನ ವಿಷಯ. ಆದರೂ ಪ್ಲೇಟೇ ಬೇಕು ಅಂದರೆ, ಲೇಬಲ್ ಸುತ್ತ ಹಾಡಿಲ್ಲದ ನುಣುಪು ಜಾಗ ಇರುತ್ತದಲ್ಲ, ಅಲ್ಲಿ ನೋಡಿ. ಹಳೆಯ ಬ್ಲೂ ನೋಟ್‌ನಲ್ಲಿ ಆರ್‌ವಿಜಿ ಅಥವಾ ವ್ಯಾನ್ ಗೆಲ್ಡರ್ ಎಂದು (ಧ್ವನಿಮುದ್ರಣ ಮಾಡಿದ ರೂಡಿ ವ್ಯಾನ್ ಗೆಲ್ಡರ್ ಅವರ ಗುರುತು) ಇದ್ದರೆ ಅದು ಮೊದಲ ಮುದ್ರಣ.

ಅರಗು: ತಪ್ಪು! ಇದನ್ನು ನಂಬಿ ದುಡ್ಡು ಸುರಿದವರು ಎಷ್ಟೋ ಜನ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನಬೇಡಿ. ರೂಡಿ ವ್ಯಾನ್ ಗೆಲ್ಡರ್ ಕೊರೆದ ಮೂಲದಿಂದ ತೆಗೆದ ಅಚ್ಚುಗಳನ್ನು ಆಮೇಲಿನ ಮರುಮುದ್ರಣಕ್ಕೂ ಬಳಸಿದ್ದಾರೆ, ಮುದ್ರೆ ಹಾಗೇ ಉಳಿದಿದೆ. ಅದರ ಜೊತೆಗೆ ಕಿವಿಯಾಕಾರದ ಪುಟ್ಟ ಗುರುತೂ ಇರಬೇಕು. ಅದು ಆ ಪ್ಲೇಟುಗಳನ್ನು ಒತ್ತುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯದ್ದು. 1960ರ ದಶಕದ ನಡುವೆ ಬ್ಲೂ ನೋಟ್ ಕಂಪನಿ ಕೈಬದಲಾದ ಮೇಲಿನ ಮುದ್ರಣಗಳಲ್ಲಿ ಬರುವುದಿಲ್ಲ.

ಸೂಜಿಮೊನೆ: ಕಿವಿಯ ಮಾತು ಒಪ್ಪಿದೆ. ದನಿ ಏರಿಸುವ ಅಗತ್ಯವಿರಲಿಲ್ಲ.

ಹಿಂಬದಿ: ಕವರ್ ಮೋಹ ಪ್ಲೇಟನ್ನೇ ಹಾಳುಮಾಡಿದ್ದಕ್ಕೆ 1971ರ ರೋಲಿಂಗ್ ಸ್ಟೋನ್ಸ್ ತಂಡದ ಆಲ್ಬಮ್ ನೋಡಿ. ಜೀನ್ಸ್ ಚಿತ್ರಕ್ಕೆ ನಿಜವಾದ ಜಿಪ್ ಅಂಟಿಸಿದರು. ಒಂದರ ಮೇಲೊಂದು ಪೇರಿಸಿದಾಗ ಜಿಪ್ಪಿನ ಹಿಡಿ ಪಕ್ಕದ ರೆಕಾರ್ಡಿನ ಹಾಡಿನೊಳಗೇ ಒತ್ತಿಕೊಂಡಿತು. ಕೊನೆಗೆ ಜಿಪ್ಪನ್ನು ಅರ್ಧಕ್ಕೆ ಎಳೆದು ಕಳಿಸಿದರು, ಒತ್ತಿದರೂ ಲೇಬಲ್ ಮೇಲೆ ಒತ್ತಲಿ ಎಂದು. ಚಿತ್ರದ ಪ್ಲೇಟುಗಳದ್ದೂ ಅದೇ ಗೋಳು. ಮುದ್ರಿಸಿದ ಕಾಗದದ ಎರಡೂ ಬದಿಗೆ ತೆಳು ಪಾರದರ್ಶಕ ಪದರ ಒತ್ತಿ, ಆ ಪದರದಲ್ಲಿ ಗೆರೆ ಮೂಡಿಸುತ್ತಾರೆ. ಸುಯ್ ಎನ್ನುವ ಸದ್ದು ಹೊಸದರಲ್ಲೇ ಇರುತ್ತದೆ. ಗೋಡೆಗೆ ಸರಿ.

ತೇವಬಟ್ಟೆ: ಹತ್ತನ್ನೂ ಮೊದಲು ತೊಳೆದು ಕೇಳಿ, ಆಮೇಲೆ ತೀರ್ಮಾನಿಸಿ. ಮೂರು ಪಾಲು ಡಿಸ್ಟಿಲ್ಡ್ ನೀರು, ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್. ಗೆರೆಯ ದಿಕ್ಕಿನಲ್ಲೇ ಒರೆಸಿ, ಲೇಬಲ್ಲಿಗೆ ಹನಿ ತಾಗಬಾರದು, ಕೊನೆಗೆ ಬರೀ ಡಿಸ್ಟಿಲ್ಡ್ ನೀರು.

ಅರಗು: ಎಲ್‌ಪಿಗೆ ಮಾತ್ರ ಎಂದು ಸೇರಿಸಿ! ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳು ಅರಗಿನವು, ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ. ಒಂದೇ ಒರೆತಕ್ಕೆ ಬಟ್ಟೆಗೆ ಕಪ್ಪು ಬರುತ್ತದೆ, ಹಾಡು ಹೋಯಿತು.

ತೇವಬಟ್ಟೆ: ಪ್ರಶ್ನೆಯಲ್ಲೇ ಎಲ್‌ಪಿ ಎಂದಿದೆ, ಓದಿ.

ಹಿಂಬದಿ: ಕವರಿಗೆ ಅಂಟಿಸಿದ ಬೆಲೆಚೀಟಿ ಕೀಳುವವರಿಗೆ ಒಂದು ಮಾತು. ಲ್ಯಾಮಿನೇಟ್ ಆದ ಕವರಾದರೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ಒಂದು ಗೇಣು ದೂರ ಹಿಡಿದು, ಅರ್ಧ ನಿಮಿಷ ಬಿಟ್ಟು, ಮೂಲೆಯಿಂದ ಮಲಗಿಸಿ ಎಳೆಯಿರಿ. ಪ್ಲೇಟು ಒಳಗಿರಬಾರದು, ಬಾಗುತ್ತದೆ. ಒರಟು ಕಾಗದದ ಕವರಾದರೆ ಮುಟ್ಟಬೇಡಿ. ಚೀಟಿಯ ಜೊತೆ ಬಣ್ಣವೂ ಎದ್ದುಬಂದು ಬಿಳಿ ರಟ್ಟು ಕಾಣುತ್ತದೆ.

ಸೂಜಿಮೊನೆ: ಕವರ್ ಬೇಡ ಅಂದವರೇ ಕವರ್ ಕಾಪಾಡುವುದು ಹೇಗೆಂದು ಹೇಳುತ್ತಿದ್ದೀರಿ.

ಹಿಂಬದಿ: ಕವರ್ ಬೇಡ ಅನ್ನಲಿಲ್ಲ. ತಿರುಗಿಸಿ ಅಂದೆ.