ಸಹಾಯ ಬೇಕು: ಚಿತ್ರದ ಬಣ್ಣಗಳನ್ನು ಬಟ್ಟೆಗೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಇಷ್ಟವಾದ ಚಿತ್ರಗಳನ್ನು ನೋಡಿಕೊಂಡು ದಿನಾ ಹಾಕುವ ಬಟ್ಟೆ ಜೋಡಿಸಬೇಕು ಅಂತ ನನಗೆ ತುಂಬಾ ಆಸೆ. ಚಿತ್ರವನ್ನೇ ಪ್ರಿಂಟ್ ಮಾಡಿದ ಟೀ ಶರ್ಟ್ ಬೇಡ, ಬಣ್ಣಗಳ ಹೊಂದಿಕೆ ಬಂದರೆ ಸಾಕು.

ಚಿತ್ರಕಾರ ವ್ಯಾನ್ ಗೋ 1889ರಲ್ಲಿ ಬರೆದ ‘ನಕ್ಷತ್ರಗಳ ರಾತ್ರಿ’ ಚಿತ್ರ ಸುಲಭವಾಯಿತು. ಕಡುನೀಲಿ ಪ್ಯಾಂಟು, ತಿಳಿನೀಲಿ ಶರ್ಟು, ಹಳದಿ ವಾಚ್ ಪಟ್ಟಿ, ಅಷ್ಟೇ.

ಸಿಕ್ಕಿಹಾಕಿಕೊಂಡಿದ್ದು ಇನ್ನೊಬ್ಬ ಚಿತ್ರಕಾರ ವರ್ಮೀರ್‌ನ ‘ಮುತ್ತಿನ ಓಲೆಯ ಹುಡುಗಿ’ ಚಿತ್ರದಲ್ಲಿ. ತಲೆಗೆ ಸುತ್ತಿದ ನೀಲಿ ಬಟ್ಟೆ, ಹಿಂದೆ ಇಳಿಬಿದ್ದ ಹಳದಿ ತುದಿ, ಮಣ್ಣುಹಳದಿ ಮೇಲಂಗಿ, ಕತ್ತಿನ ಹತ್ತಿರ ಇಣುಕುವ ಬಿಳಿ ಕಾಲರ್. ಎಷ್ಟು ಚೆಂದ ಅಲ್ವಾ! ನಾನು ಮಣ್ಣುಹಳದಿ ಟಾಪ್, ನೀಲಿ ಸ್ಕಾರ್ಫ್, ಬಿಳಿ ಪ್ಯಾಂಟು ಹಾಕಿದೆ. ಒಂದಕ್ಕೊಂದು ಸೇರಲೇ ಇಲ್ಲ, ಕಣ್ಣು ನೇರ ಬಿಳಿಗೇ ಹೋಗುತ್ತದೆ. ಪ್ಯಾಂಟು ನೀಲಿಗೆ ಬದಲಿಸಿದರೆ ಯೂನಿಫಾರ್ಮ್ ಥರ ಕಂಡಿತು.

ಮತ್ತೆ ಚಿತ್ರ ನೋಡಿದೆ. ಅಲ್ಲಿ ಜಾಸ್ತಿ ಜಾಗ ಹಿಡಿದಿರುವುದು ಹಿಂದಿನ ಕತ್ತಲು. ಬಿಳಿ ಬರೀ ಒಂದು ಗೆರೆಯಷ್ಟು. ನನ್ನ ಗೊಂದಲ ಇಲ್ಲೇ. ಆ ಕಪ್ಪನ್ನೂ ಲೆಕ್ಕಕ್ಕೆ ತಗೊಂಡು ಪ್ಯಾಂಟು ಕಪ್ಪು ಮಾಡಿ, ಬಿಳಿಯನ್ನು ಕಾಲರ್‌ಗಷ್ಟೇ ಇಡಬೇಕಾ? ಅಥವಾ ಹಿನ್ನೆಲೆ ಬಿಟ್ಟು, ಹುಡುಗಿ ತೊಟ್ಟ ಬಣ್ಣಗಳನ್ನು ಮಾತ್ರ ತಗೋಬೇಕಾ? ಹೀಗೆ ಜೋಡಿಸಿ ಹಾಕಿ ನೋಡಿದವರು ದಯವಿಟ್ಟು ಹೇಳಿ.