ಶಟರ್ ಎಷ್ಟು ಇಳಿಸಿದರೂ ಮಿಂಚು ದಪ್ಪ ಬಿಳಿ ಪಟ್ಟಿಯಾಗಿಯೇ ಬರುತ್ತಿದೆ, ಏನು ಮಾಡಲಿ?

ಕಾರ್ಮೋಡ:
ಎಲ್ಲರಿಗೂ ನಮಸ್ಕಾರ. ಮಿಂಚಿನ ಫೋಟೋ ತೆಗೆಯಲು ಹೋಗಿ ತಲೆ ಕೆಟ್ಟಿದೆ. ಮಿರರ್‌ಲೆಸ್ ಕ್ಯಾಮೆರಾ, 16–50 ಕಿಟ್ ಲೆನ್ಸ್, ಟ್ರೈಪಾಡ್ ಇದೆ. ರಾತ್ರಿ ಅಲ್ವಾ, ಕತ್ತಲು ಅಂತ ಐಎಸ್‌ಒ 1600, ಎಫ್ 3.5, ಶಟರ್ 10 ಸೆಕೆಂಡ್ ಇಟ್ಟಿದ್ದೆ. ಮಿಂಚು ಸಿಕ್ಕಿತು. ಆದರೆ ಕವಲು ಗಿವಲು ಏನೂ ಇಲ್ಲ, ಒಂದು ದಪ್ಪ ಬಿಳಿ ಪಟ್ಟಿ, ಸುತ್ತ ಮಬ್ಬು. ಬೆಳಕು ಜಾಸ್ತಿ ಆಯಿತು ಅಂತ ಶಟರ್ 5 ಸೆಕೆಂಡಿಗೆ ಇಳಿಸಿದೆ, ಆಮೇಲೆ 2, ಆಮೇಲೆ 1. ಹಿಂದಿನ ಆಕಾಶ ಕಪ್ಪಾಗುತ್ತಾ ಹೋಯಿತು, ಮಿಂಚು ಮಾತ್ರ ಹಾಗೇ ಇದೆ.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. 10 ಸೆಕೆಂಡಿನ ಫೋಟೋ ಮುಗಿದ ಮೇಲೂ ಕ್ಯಾಮೆರಾ ಸುಮ್ನೆ ಏನೋ ಯೋಚನೆ ಮಾಡುತ್ತಾ ಕೂರುತ್ತದೆ, ಒಳ್ಳೊಳ್ಳೆಯ ಮಿಂಚೆಲ್ಲ ಆಗಲೇ ಹೊಡೆಯುತ್ತವೆ. ಕೆಲವು ಫೋಟೋದಲ್ಲಿ ಒಂದೇ ಮಿಂಚು ಎರಡು ಮೂರು ಗೆರೆಯಾಗಿ ಕಾಣುತ್ತದೆ. ಸಂಜೆ ತೆಗೆದ ಒಂದರಲ್ಲಂತೂ ಫೋಟೋದ ಅರ್ಧ ಬೆಳಗಿದೆ, ಅರ್ಧ ಕತ್ತಲು, ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ. ಸೆನ್ಸರ್ ಹೋಯಿತಾ?

ಮೂರುಕಾಲು:
ಸೆನ್ಸರ್‌ಗೆ ಏನೂ ಆಗಿಲ್ಲ, ಗಾಬರಿ ಬೇಡ. ಮೊದಲು ಬಿಳಿ ಪಟ್ಟಿ ವಿಷಯ ನೋಡೋಣ, ಉಳಿದದ್ದೆಲ್ಲ ಆಮೇಲೆ.

ನೀವು ತಿರುಗಿಸುತ್ತಿರುವುದು ತಪ್ಪು ಡಯಲ್. ಮಿಂಚಿನ ಬೆಳಕಿಗೂ ಶಟರ್ ವೇಗಕ್ಕೂ ಸಂಬಂಧ ಇಲ್ಲ. ಒಂದೊಂದು ಹೊಡೆತದ ಜೋರು ಬೆಳಕು ಒಂದು ಮಿಲಿಸೆಕೆಂಡೂ ಇರುವುದಿಲ್ಲ. ಇಡೀ ಮಿಂಚು, ಅಂದರೆ ನಮ್ಮ ಕಣ್ಣಿಗೆ ಪಟಪಟ ಅಂತ ಮಿನುಗಿದ್ದೆಲ್ಲ ಸೇರಿ, ಹೆಚ್ಚು ಕಡಿಮೆ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ. ಹಾಗಿರುವಾಗ ಶಟರ್ 1 ಸೆಕೆಂಡ್ ತೆರೆದಿದ್ದರೂ ಅಷ್ಟೇ, 20 ಸೆಕೆಂಡ್ ತೆರೆದಿದ್ದರೂ ಅಷ್ಟೇ, ಆ ಮಿಂಚಿನಿಂದ ಸೆನ್ಸರ್‌ಗೆ ಬೀಳುವ ಬೆಳಕು ಒಂದೇ. ಅದನ್ನು ಕಡಿಮೆ ಮಾಡಬೇಕಾದರೆ ಇರುವುದು ಅಪರ್ಚರ್ (ಲೆನ್ಸ್‌ನ ಕಿಂಡಿ, ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವುದು), ಇಲ್ಲವಾದರೆ ಲೆನ್ಸ್ ಮುಂದೆ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸುವ ಕಪ್ಪು ಗಾಜು. ಶಟರ್ ಏನಿದ್ದರೂ ಆಕಾಶ, ಊರಿನ ದೀಪ, ನೆಲ ಇವುಗಳಿಗೆ. ನಿಮ್ಮ ಆಕಾಶ ಕಪ್ಪಾಗಿ ಮಿಂಚು ಹಾಗೇ ಉಳಿದದ್ದು ಅದಕ್ಕೇ.

ಲೆಕ್ಕ ಹಾಕಿ. ಐಎಸ್‌ಒ 1600ರಿಂದ 100ಕ್ಕೆ ಬಂದರೆ 16 ಪಟ್ಟು ಕಡಿಮೆ. ಎಫ್ 3.5ರಿಂದ ಎಫ್ 8ಕ್ಕೆ ಹೋದರೆ ಸುಮಾರು 5 ಪಟ್ಟು ಕಡಿಮೆ. ಎರಡನ್ನೂ ಗುಣಿಸಿ, ನೀವು ಮಿಂಚಿಗೆ ಬೇಕಾದದ್ದಕ್ಕಿಂತ 80 ಪಟ್ಟು ಜಾಸ್ತಿ ಬೆಳಕು ಕೊಡುತ್ತಿದ್ದೀರಿ. ಬಿಳಿ ಪಟ್ಟಿ ಬರದೆ ಇನ್ನೇನು ಬರುತ್ತದೆ?

ಐಎಸ್‌ಒ 100, ಎಫ್ 8 ಇಟ್ಟು ಶುರು ಮಾಡಿ. ಶಟರ್ ಎಷ್ಟು ಅಂತ ಮಿಂಚು ಇಲ್ಲದಾಗಲೇ ಗೊತ್ತು ಮಾಡಿಕೊಳ್ಳಿ: ನೆಲ ಮತ್ತು ಆಕಾಶ ಸ್ವಲ್ಪ ಕತ್ತಲಾಗಿ, ಆದರೆ ಕಾಣುವ ಹಾಗೆ ಬರುವಷ್ಟು. ದೀಪ ಜಾಸ್ತಿ ಇರುವ ಕಡೆ 5–10 ಸೆಕೆಂಡ್ ಸಾಕು, ಪೂರಾ ಕತ್ತಲಿದ್ದರೆ 30 ಸೆಕೆಂಡ್ ಕೂಡ ಇಡಬಹುದು.

ಎಫ್ ಎಂಟು ಅಲ್ಲ:
ಮೂರುಕಾಲು ಅವರು ಹೇಳಿದ್ದು ಸರಿ, ಆದರೆ ಎಫ್ 8 ಅನ್ನು ಮಂತ್ರ ಮಾಡಿಕೊಳ್ಳಬೇಡಿ. ಮಳೆ ದೂರದಲ್ಲಿದ್ದು, ಮಿಂಚು ಮಳೆಯ ಪರದೆ ಹಿಂದೆ ಹೊಡೆಯುತ್ತಿದ್ದರೆ ಎಫ್ 8ರಲ್ಲಿ ಸಪ್ಪೆ ಕೆಂಪು ಗೆರೆ ಬರುತ್ತದೆ, ಕವಲುಗಳು ಬರುವುದೇ ಇಲ್ಲ. ಆಗ ಎಫ್ 5.6, ಐಎಸ್‌ಒ 200 ಬೇಕಾಗುತ್ತದೆ, ಕೆಲವು ಸಲ ಎಫ್ 4 ಕೂಡ. ಹತ್ತಿರದ ಮಿಂಚಾದರೆ ಎಫ್ 11. ದೂರ ಹೇಗೆ ಗೊತ್ತಾಗುತ್ತದೆ ಅಂದರೆ ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ, ಮೂರರಿಂದ ಭಾಗಿಸಿ, ಅಷ್ಟು ಕಿಲೋಮೀಟರ್. ಗುಡುಗೇ ಕೇಳದಿದ್ದರೆ ದೂರ ಇದೆ ಅಂತ ಅರ್ಥ, ಅಪರ್ಚರ್ ದೊಡ್ಡದು ಮಾಡಿ.

ಇನ್ನೊಂದು. ಮಿಂಚಿನ ನಡುಗೆರೆ ಯಾವಾಗಲೂ ಬಿಳಿಯೇ ಬರುತ್ತದೆ, ಅದು ಬಿಳಿಯಾಯಿತು ಅಂತ ಹೆದರಿ ಸಿಕ್ಕಾಪಟ್ಟೆ ಕಡಿಮೆ ಮಾಡಬೇಡಿ. ಕವಲುಗಳು ಬಿಡಿಬಿಡಿಯಾಗಿ ಕಾಣುತ್ತವಾ ಅಂತ ಮಾತ್ರ ನೋಡಿ.

ಮೂರುಕಾಲು:
ಒಪ್ಪಿದೆ. ಇನ್ನು ಕ್ಯಾಮೆರಾ “ಯೋಚನೆ ಮಾಡುತ್ತಾ ಕೂರುವುದು”. ಮೆನುವಿನಲ್ಲಿ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಅಂತ ಇರುತ್ತದೆ, ನಿಮ್ಮದರಲ್ಲಿ ಅದು ಆನ್ ಆಗಿದೆ ಅಂತ ಕಾಣುತ್ತದೆ. ಅದು ಆನ್ ಇದ್ದರೆ 10 ಸೆಕೆಂಡ್ ಫೋಟೋ ಆದ ಮೇಲೆ ಕ್ಯಾಮೆರಾ ಬೆಳಕು ಬೀಳದ ಹಾಗೆ ಇನ್ನೊಂದು 10 ಸೆಕೆಂಡ್ ಕಪ್ಪು ಫೋಟೋ ತೆಗೆದು, ಅದನ್ನು ಮೊದಲನೆಯದರಿಂದ ಕಳೆಯುತ್ತದೆ. ನಕ್ಷತ್ರ ತೆಗೆಯುವವರಿಗೆ ಉಪಯೋಗ ಇರಬಹುದು, ನಮಗೆ ಅರ್ಧ ರಾತ್ರಿ ಕಣ್ಣು ಮುಚ್ಚಿಕೊಂಡ ಹಾಗೆ. ಆಫ್ ಮಾಡಿ. ಆಮೇಲೆ ಡ್ರೈವ್ ಮೋಡ್ ಕಂಟಿನ್ಯುಯಸ್‌ಗೆ ಹಾಕಿ, ರಿಮೋಟ್ ಬಟನ್ ಒತ್ತಿ ಲಾಕ್ ಮಾಡಿ ಬಿಟ್ಟುಬಿಡಿ. ಒಂದರ ಹಿಂದೆ ಒಂದು ತಾನೇ ತೆಗೆಯುತ್ತದೆ. ಮಿಂಚು ಕಂಡ ಮೇಲೆ ಬಟನ್ ಒತ್ತುತ್ತೇನೆ ಅನ್ನುವವರಿಗೆ ರಾತ್ರಿಯಲ್ಲಿ ಸಿಗುವುದು ಬರೀ ಕತ್ತಲು.

ಎರಡೆರಡು ಗೆರೆಯ ಬಗ್ಗೆ ಒಂದು ಪ್ರಶ್ನೆ. ಅದೇ ಫೋಟೋದಲ್ಲಿ ಕೆಳಗಿನ ಬೀದಿ ದೀಪಗಳೂ ಎರಡೆರಡು ಕಾಣುತ್ತವಾ?

ಕಾರ್ಮೋಡ:
ನಾಯ್ಸ್ ರಿಡಕ್ಷನ್ ಆನ್ ಇತ್ತು! ಆಫ್ ಮಾಡಿದೆ.

ದೀಪ ನೋಡಿದೆ. ಎರಡು ಥರ ಇದೆ. ಒಂದು ಫೋಟೋದಲ್ಲಿ ದೀಪಗಳೂ ಸಣ್ಣ ಹುಳುವಿನಂತೆ ಸೊಟ್ಟ ಎಳೆದಿವೆ. ಇನ್ನೊಂದರಲ್ಲಿ ದೀಪ ಎಲ್ಲ ಚುಕ್ಕಿಯಷ್ಟು ಚೂಪಾಗಿವೆ, ಮಿಂಚು ಮಾತ್ರ ಪಕ್ಕಪಕ್ಕ ಮೂರು ಗೆರೆ. ಅದೂ ಪೂರ್ತಿ ಜೂಮ್ ಮಾಡಿದರೆ ಮಾತ್ರ ಕಾಣುತ್ತದೆ, ಎರಡು ಮೂರು ಪಿಕ್ಸೆಲ್ ಅಂತರ. ಅದನ್ನು ಲೆನ್ಸ್ 16 ಮಿಲಿಮೀಟರ್‌ನಲ್ಲಿಟ್ಟು ತೆಗೆದದ್ದು.

ಮೂರುಕಾಲು:
ಮೊದಲನೆಯದು ಅಲುಗಾಟ. ಟ್ರೈಪಾಡ್ ಮೇಲಿದ್ದಾಗ ಲೆನ್ಸ್‌ನ ಸ್ಟೆಬಿಲೈಸೇಶನ್ ಆಫ್ ಮಾಡಿ, ಟ್ರೈಪಾಡ್ ನಡುಗಂಬ ಎತ್ತಬೇಡಿ, ಕ್ಯಾಮೆರಾ ಬೆಲ್ಟ್ ಗಾಳಿಗೆ ಪಟಪಟ ಹೊಡೆಯದ ಹಾಗೆ ಸುತ್ತಿಡಿ. ಮುಗಿಯಿತು.

ಎರಡನೆಯದು ಕೆಟ್ಟ ಫೋಟೋ ಅಲ್ಲ, ಅದನ್ನು ಅಳಿಸಬೇಡಿ. ನಾವು ಒಂದು ಮಿಂಚು ಅನ್ನುವುದು ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು ಬರುವ ಮೂರು ನಾಲ್ಕು ಹೊಡೆತ, ನಡುವೆ 40–50 ಮಿಲಿಸೆಕೆಂಡ್ ಅಂತರ. ಮಿಂಚು ಮಿನುಗಿದ ಹಾಗೆ ಕಾಣುವುದು ಅದಕ್ಕೇ. ಗಾಳಿ ಜೋರಾಗಿ ಅಡ್ಡ ಬೀಸುತ್ತಿದ್ದರೆ ಆ ದಾರಿಯೇ ಪಕ್ಕಕ್ಕೆ ಸರಿಯುತ್ತದೆ. ಸೆಕೆಂಡಿಗೆ 20 ಮೀಟರ್ ಗಾಳಿ ಇದ್ದರೆ 50 ಮಿಲಿಸೆಕೆಂಡಿನಲ್ಲಿ 1 ಮೀಟರ್. ಹಾಗಾಗಿ ಮುಂದಿನ ಹೊಡೆತ 1 ಮೀಟರ್ ಪಕ್ಕದಲ್ಲಿ ಬೀಳುತ್ತದೆ. ರಿಬ್ಬನ್ ಲೈಟ್ನಿಂಗ್ ಅನ್ನುತ್ತಾರೆ. ಹೊಡೆತಗಳನ್ನು ಬಿಡಿಸಿ ನೋಡಬೇಕು ಅಂತಲೇ ಚಾರ್ಲ್ಸ್ ವರ್ನನ್ ಬಾಯ್ಸ್ ಅನ್ನುವ ವಿಜ್ಞಾನಿ ತಿರುಗುವ ಲೆನ್ಸ್‌ಗಳ ಕ್ಯಾಮೆರಾ ಮಾಡಿದ್ದರು, 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅಂಥ ಕ್ಯಾಮೆರಾದಿಂದಲೇ ಮಿಂಚಿನ ಬಗ್ಗೆ ದೊಡ್ಡ ಕೆಲಸ ನಡೆಯಿತು. ನಿಮಗೆ ಗಾಳಿಯೇ ಪುಕ್ಕಟೆ ಮಾಡಿಕೊಟ್ಟಿದೆ.

ಆದರೆ ನನಗೆ ಬೇರೆಯೇ ಚಿಂತೆ. 16 ಮಿಲಿಮೀಟರ್ ಲೆನ್ಸಿನಲ್ಲಿ 1 ಮೀಟರ್ ಅಂತರ ಎರಡು ಮೂರು ಪಿಕ್ಸೆಲ್ ಕಾಣಬೇಕಾದರೆ ಮಿಂಚು 1.5 ಕಿಲೋಮೀಟರ್ ಆಸುಪಾಸಿನಲ್ಲಿ ಬಿದ್ದಿರಬೇಕು. ಗುಡುಗು ಎಷ್ಟು ಹೊತ್ತಿಗೆ ಬಂತು? ನೀವು ಎಲ್ಲಿ ನಿಂತಿದ್ದಿರಿ?

ಕಾರ್ಮೋಡ:
ನಾಲ್ಕೈದು ಸೆಕೆಂಡಿಗೇ ಬಂತು. ತಾರಸಿ ಮೇಲಿದ್ದೆ. ಮಳೆ ಇನ್ನೂ ಬಂದಿರಲಿಲ್ಲ.

ಮೂರುಕಾಲು:
ಮಳೆ ಬಂದಿರಲಿಲ್ಲ ಅನ್ನುವುದು ಲೆಕ್ಕಕ್ಕೇ ಇಲ್ಲ. ಮಳೆ ಬೀಳುವ ಜಾಗದಿಂದ 15 ಕಿಲೋಮೀಟರ್ ಆಚೆಗೂ ಸಿಡಿಲು ಬಡಿಯುವುದುಂಟು, ಮೇಲೆ ಆಕಾಶ ಸ್ವಚ್ಛ ಇದ್ದರೂ. ಗುಡುಗು 30 ಸೆಕೆಂಡಿನೊಳಗೆ ಕೇಳಿದರೆ, ಅಂದರೆ 10 ಕಿಲೋಮೀಟರ್ ಒಳಗಿದ್ದರೆ, ಗಟ್ಟಿ ಕಟ್ಟಡದ ಒಳಗೆ ಹೋಗಿ, ಅದಿಲ್ಲದಿದ್ದರೆ ಗಾಜು ಏರಿಸಿದ ಕಾರಿನೊಳಗೆ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬೇಡಿ. ತಾರಸಿ, ಬಯಲು, ಮರದ ಬುಡ ಯಾವುದೂ ಬೇಡ. ಫೋಟೋ ಬೇಕೇಬೇಕು ಅಂದರೆ ಮೊದಲೇ ಕ್ಯಾಮೆರಾ ಹೊರಗಿಟ್ಟು, ಮಳೆಗೆ ಮುಚ್ಚಿ, ಇಂಟರ್ವಲ್ ಟೈಮರ್ ಹಾಕಿ ನೀವು ಒಳಗಿರಿ. ಕ್ಯಾಮೆರಾ ಹೋದರೆ ಇನ್ನೊಂದು ತೆಗೆದುಕೊಳ್ಳಬಹುದು.

ಎಫ್ ಎಂಟು ಅಲ್ಲ:
ಅಥವಾ ಮುಚ್ಚಿದ ಕಿಟಕಿಯ ಗಾಜಿನ ಹಿಂದಿನಿಂದ ತೆಗೆಯಿರಿ, ನಾನು ಜಾಸ್ತಿ ಹಾಗೇ ಮಾಡುವುದು. ಕೋಣೆಯ ದೀಪ ಆರಿಸಿ, ಲೆನ್ಸ್ ಗಾಜಿಗೆ ಹತ್ತಿರ ತಂದು ಸುತ್ತ ಕಪ್ಪು ಬಟ್ಟೆ ಕಟ್ಟಿ, ಗಾಜನ್ನು ಮೊದಲೇ ಒರೆಸಿಡಿ. ಕ್ಯಾಮೆರಾ ಚಾರ್ಜರ್‌ಗೆ ಸಿಕ್ಕಿಸಿಕೊಂಡು ಮುಟ್ಟುತ್ತಾ ಕೂರಬೇಡಿ.

ಅರ್ಧ ಬೆಳಗಿದ ಫೋಟೋ ಬಗ್ಗೆ ಯಾರೂ ಹೇಳಲಿಲ್ಲ. ಸಂಜೆ ಸೈಲೆಂಟ್ ಶಟರ್ ಹಾಕಿದ್ದಿರಾ?

ಕಾರ್ಮೋಡ:
ಹೌದು, ಸೈಲೆಂಟ್‌ನಲ್ಲಿ ಬರ್ಸ್ಟ್, 1/60. ಬೆಳಕಿತ್ತಲ್ಲ, ಉದ್ದ ಶಟರ್ ಇಡಲು ಆಗಲಿಲ್ಲ. ತಾರಸಿಯ ಮಾತು ಅರ್ಥವಾಯಿತು, ಇನ್ನು ಕಿಟಕಿಯೇ ಗತಿ.

ಎಫ್ ಎಂಟು ಅಲ್ಲ:
ಹಾಗಾದರೆ ಅದೇ. ಸೈಲೆಂಟ್ ಅಂದರೆ ಎಲೆಕ್ಟ್ರಾನಿಕ್ ಶಟರ್. ಅದು ಸೆನ್ಸರ್ ಅನ್ನು ಒಂದೊಂದೇ ಸಾಲು ಓದುತ್ತಾ ಹೋಗುತ್ತದೆ. ಎಲ್ಲ ಸಾಲೂ ಒಂದೇ ಹೊತ್ತಿಗೆ ತೆರೆದಿರುವುದಿಲ್ಲ. ಮಿಂಚು ಹೊಡೆದ ಆ ಗಳಿಗೆಯಲ್ಲಿ ಯಾವ ಸಾಲು ತೆರೆದಿತ್ತೋ ಅಷ್ಟಕ್ಕೇ ಬೆಳಕು. ಮೆಕ್ಯಾನಿಕಲ್ ಶಟರ್‌ಗೆ ಬದಲಾಯಿಸಿ. ಪ್ರೀ ಕ್ಯಾಪ್ಚರ್ ಅಂತ ಇರುತ್ತದಲ್ಲ, ಬಟನ್ ಒತ್ತುವುದಕ್ಕಿಂತ ಮುಂಚಿನದನ್ನೂ ಉಳಿಸುವುದು, ಅದು ಮಿಂಚಿಗೆ ಹೇಳಿ ಮಾಡಿಸಿದ ಹಾಗೆ ಕಂಡರೂ ಬಹಳಷ್ಟು ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಶಟರ್‌ನಲ್ಲೇ ಕೆಲಸ ಮಾಡುವುದು. ಇದೇ ಕಾಟ ಬರಬಹುದು.

ಸಂಜೆ ಹೊತ್ತಿಗೆ ಎನ್‌ಡಿ ಫಿಲ್ಟರ್ ಹಾಕಿ ಶಟರ್ ಒಂದೆರಡು ಸೆಕೆಂಡಿಗೆ ಎಳೆಯಬಹುದು, ಆದರೆ ಫಿಲ್ಟರ್ ಮಿಂಚನ್ನೂ ಮಂಕು ಮಾಡುತ್ತದೆ. ಹಾಗಾಗಿ ಫಿಲ್ಟರ್ ಹಾಕಿದಷ್ಟೂ ಅಪರ್ಚರ್ ಸ್ವಲ್ಪ ದೊಡ್ಡದು ಮಾಡಬೇಕು, ಮಾಡಿದರೆ ಮತ್ತೆ ಶಟರ್ ಇಳಿಯುತ್ತದೆ, ಈ ಎಳೆದಾಟ ತಪ್ಪಿದ್ದಲ್ಲ. ಹಗಲಿಗೆ ಲೈಟ್ನಿಂಗ್ ಟ್ರಿಗರ್ ವಾಸಿ. ಅದು ಮೊದಲ ಹೊಡೆತದ ಬೆಳಕು ನೋಡಿ ಶಟರ್ ತೆರೆಯುತ್ತದೆ, ಅಷ್ಟರಲ್ಲಿ ಆ ಹೊಡೆತ ಮುಗಿದಿರುತ್ತದೆ, ನಿಮಗೆ ಸಿಗುವುದು ಎರಡನೆಯದೋ ಮೂರನೆಯದೋ. ಒಂದೇ ಹೊಡೆತದ ಮಿಂಚಾದರೆ ತಪ್ಪಿಹೋಗುತ್ತದೆ. ಟ್ರಿಗರ್ ಜೊತೆ ಆಟೋಫೋಕಸ್ ಇದ್ದರಂತೂ ಕೆಟ್ಟಿತು, ಫೋಕಸ್ ಹುಡುಕುವುದರೊಳಗೆ ಎಲ್ಲ ಮುಗಿದಿರುತ್ತದೆ.

ಜೇಬಿನ ಕ್ಯಾಮೆರಾ:
ನಡುವೆ ಬಂದೆ, ಕ್ಷಮಿಸಿ. ನನ್ನ ಹತ್ತಿರ ಫೋನ್ ಮಾತ್ರ ಇದೆ. ಇದರಲ್ಲಿ ಆಗುತ್ತದಾ?

ಮೂರುಕಾಲು:
ಧಾರಾಳವಾಗಿ. ಪ್ರೋ ಮೋಡ್‌ಗೆ ಹೋಗಿ ಐಎಸ್‌ಒ 50 ಅಥವಾ 100, ಶಟರ್ 4–8 ಸೆಕೆಂಡ್, ಫೋಕಸ್ ಇನ್ಫಿನಿಟಿ. ಬಹುತೇಕ ಫೋನ್‌ಗಳಲ್ಲಿ ಅಪರ್ಚರ್ ಬದಲಾಗುವುದಿಲ್ಲ, ಆದ್ದರಿಂದ ಮಿಂಚಿನ ಬೆಳಕಿಗೆ ನಿಮ್ಮ ಕೈಯಲ್ಲಿರುವುದು ಐಎಸ್‌ಒ ಒಂದೇ. ನೈಟ್ ಮೋಡ್ ಬೇಡ, ಅದು ಹಲವು ಫೋಟೋ ಬೆರೆಸುತ್ತದೆ, ಒಂದರಲ್ಲಿ ಮಾತ್ರ ಇರುವ ಮಿಂಚನ್ನು ಮಸುಕು ಮಾಡಬಹುದು. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಎಲ್ಲಾದರೂ ಒರಗಿಸಿಡಿ.

ಕಾರ್ಮೋಡ:
ನಿನ್ನೆ ಮತ್ತೆ ಮಳೆ ಬಂತು. ಕಿಟಕಿಯ ಒಳಗಿನಿಂದ, ಐಎಸ್‌ಒ 100, ಎಫ್ 8, 20 ಸೆಕೆಂಡ್. ಕವಲು ಎಳೆ ಎಳೆಯಾಗಿ ಬಂದಿವೆ! ಎಲ್ಲರಿಗೂ ಥ್ಯಾಂಕ್ಸ್.

ಈಗ ಉಳಿದದ್ದು ಮೂರು. ಮೊದಲ ಕೆಲವು ಫೋಟೋ ಚೂಪಾಗಿವೆ, ನಡುವೆ ಬ್ಯಾಟರಿ ಬದಲಿಸಿದ ಮೇಲಿನವೆಲ್ಲ ಮಬ್ಬು. ಬಣ್ಣ ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ನೇರಳೆ. ಮತ್ತೆ, ಮಿಂಚಿನ ಗೆರೆ ಸರಿಯಿದ್ದರೂ ಕೆಲವು ಕಡೆ ಮೋಡ ಪೂರ್ತಿ ಬಿಳಿ.

ಎಫ್ ಎಂಟು ಅಲ್ಲ:
ಬ್ಯಾಟರಿ ತೆಗೆದಾಗ ಫೋಕಸ್ ಹೋಗಿದೆ. ಇಂಥ ಲೆನ್ಸುಗಳಲ್ಲಿ ಫೋಕಸ್ ರಿಂಗ್ ಮೋಟಾರಿಗೆ ಹೇಳುತ್ತದೆ ಅಷ್ಟೇ, ಕ್ಯಾಮೆರಾ ಆಫ್ ಆದರೆ ಫೋಕಸ್ ಮರೆತುಹೋಗುವುದು ಮಾಮೂಲು. ನಿದ್ದೆಗೆ ಹೋದರೂ ಹಾಗೇ, ಅದಕ್ಕೆ ಪವರ್ ಸೇವ್ ಆಫ್ ಮಾಡಿ. ಪ್ರತಿ ಸಲ ಆನ್ ಮಾಡಿದಾಗ ದೂರದ ಒಂದು ದೀಪವನ್ನು ಸ್ಕ್ರೀನಿನಲ್ಲಿ ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕಿ ಆಗುವವರೆಗೆ ಕೈಯಿಂದಲೇ ತಿರುಗಿಸಿ. ಜೂಮ್ ಬದಲಿಸಿದರೂ ಮತ್ತೆ ನೋಡಬೇಕು. ರಿಂಗನ್ನು ಕೊನೆಯವರೆಗೆ ತಿರುಗಿಸಿದರೆ ಇನ್ಫಿನಿಟಿ ಆಯಿತು ಅಂದುಕೊಳ್ಳಬೇಡಿ, ಅದು ದಾಟಿ ಹೋಗುತ್ತದೆ.

ಬಣ್ಣಕ್ಕೆ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ, ಆಟೋ ವೈಟ್ ಬ್ಯಾಲೆನ್ಸ್ ಬಿಟ್ಟು 4000 ಕೆಲ್ವಿನ್ ಸುತ್ತಮುತ್ತ ಒಂದೇ ಕಡೆ ನಿಲ್ಲಿಸಿ. ಆಮೇಲೆ ಕಂಪ್ಯೂಟರ್‌ನಲ್ಲಿ ಎಲ್ಲಕ್ಕೂ ಒಂದೇ ಸಲ ಸರಿಮಾಡಬಹುದು.

ಮೂರುಕಾಲು:
ಮೋಡದ ವಿಷಯದಲ್ಲಿ ಮಾತ್ರ ಶಟರ್ ಲೆಕ್ಕಕ್ಕೆ ಬರುತ್ತದೆ. 20 ಸೆಕೆಂಡಿನಲ್ಲಿ ಮೋಡದೊಳಗೆ ಹತ್ತಾರು ಸಲ ಮಿಂಚಿದರೆ ಅಷ್ಟೂ ಬೆಳಕು ಅದೇ ಮೋಡದ ಮೇಲೆ ಸೇರುತ್ತಾ ಹೋಗುತ್ತದೆ. ಗೆರೆ ಪ್ರತಿ ಸಲ ಬೇರೆ ಜಾಗದಲ್ಲಿ ಬರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ, ಮೋಡ ಬೆಳ್ಳಗಾಗುತ್ತದೆ. ಮಿಂಚು ಬಿಡದೆ ಹೊಡೆಯುತ್ತಿದ್ದರೆ 4–6 ಸೆಕೆಂಡಿಗೆ ಇಳಿಸಿ, ಅಪರ್ಚರ್ ಮುಟ್ಟಬೇಡಿ. ಒಂದೇ ಚಿತ್ರದಲ್ಲಿ ನಾಲ್ಕೈದು ಮಿಂಚಿನ ಬಳ್ಳಿ ಬೇಕಿದ್ದರೆ ಒಳ್ಳೆಯ ಫೋಟೋಗಳನ್ನು ಆರಿಸಿ ಕಂಪ್ಯೂಟರ್‌ನಲ್ಲಿ ಲೇಯರ್ ಮಾಡಿ ಲೈಟನ್ ಮೋಡ್‌ನಲ್ಲಿ (ಒಂದೊಂದು ಜಾಗಕ್ಕೂ ಎಲ್ಲಕ್ಕಿಂತ ಬೆಳಕಿರುವುದನ್ನೇ ಉಳಿಸುತ್ತದೆ) ಸೇರಿಸಿ, ಕ್ಯಾಮೆರಾ ಅಲುಗಾಡಿಲ್ಲ ಅಂದರೆ ಸರಿಯಾಗಿ ಕೂರುತ್ತವೆ. ಮೋಡ ಬಿಳಿಯಾದವನ್ನು ಆ ರಾಶಿಗೆ ಸೇರಿಸಬೇಡಿ, ಒಂದೇ ಸೇರಿದರೂ ಆ ಬಿಳಿ ಎಲ್ಲದರ ಮೇಲೂ ಕೂರುತ್ತದೆ.